ನೀರು ಬಂತಾ? – ನಮ್ಮೂರಿನ ದಿನಚರಿ ಮತ್ತು ಸುದ್ದಿ



ಈ ಸಲದ ಗೋಡೆ ಪತ್ರಿಕೆಗೆ ‘ಊರಿನ ದಿನನಿತ್ಯದ ಜೀವನ ಮತ್ತು ಸ್ಥಳೀಯ ಸುದ್ದಿ’ ಎಂಬ ವಿಷಯದ ಮೇಲೆ ಲೇಖನ ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ನಮ್ಮ ಕ್ಲಾಸಿನ ಕೆಲವರು “ನಮ್ಮೂರಲ್ಲಿ ಏನ್ ಸುದ್ದಿ ಇರ್ತದೆ ಸಾರ್, ದಿನಾ ಅದೇ ಹಾಲು, ಅದೇ ಹಸ” ಎಂದು ನಕ್ಕರು. ಆದರೆ ನಾನು ಒಂದು ವಾರ ಊರಿನಲ್ಲಿ ಯಾರು ಏನು ಮಾತಾಡುತ್ತಾರೆ ಎಂದು ಕಿವಿಗೊಟ್ಟು ಕೇಳಿದೆ. ನಮ್ಮೂರಿನಲ್ಲಿ ಬೇಕಾದಷ್ಟು ಸುದ್ದಿ ಇದೆ. ಎಲ್ಲಕ್ಕಿಂತ ದೊಡ್ಡ ಸುದ್ದಿ ಒಂದೇ. ಅದು ‘ನೀರು ಬಂತಾ?’ ಎಂಬುದು.

ಕರಾವಳಿಯ ಊರುಗಳಲ್ಲಿ ಜನ ಬೆಳಗ್ಗೆ ಎದ್ದು ಕಡಲು ಹೇಗಿದೆ, ಗಾಳಿ ಹೇಗಿದೆ ಎಂದು ನೋಡುತ್ತಾರೆ. ಅದರ ಮೇಲೆ ದೋಣಿ ಇಳಿಸುವುದೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಆ ಎರಡು ತಿಂಗಳು ಅಲ್ಲಿ ಬಂದರಿನ ಕೆಲಸವೇ ಕಡಿಮೆಯಾಗುತ್ತದೆ. ನಮ್ಮ ಮಂಡ್ಯ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ನಮ್ಮೂರೂ ನೀರಿನ ದಂಡೆಯಲ್ಲೇ ಇರುವ ಊರು. ನಮ್ಮದು ನಾಲೆ ದಂಡೆ. ಅಲ್ಲಿ ಕಡಲು ನೋಡುವ ಹಾಗೆ ನಾವು ನಾಲೆ ನೋಡುತ್ತೇವೆ. ಅವರು ದೋಣಿ ನಿಲ್ಲಿಸಿ ಕಾಯುವ ಅದೇ ಜೂನ್, ಜುಲೈ ತಿಂಗಳಲ್ಲಿ ನಾವು ನೇಗಿಲು ನಿಲ್ಲಿಸಿ ನೀರಿಗೆ ಕಾಯುತ್ತೇವೆ.

1. ನಮ್ಮೂರು ಮತ್ತು ನಾಲೆ

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ ಇರುವ ಸಣ್ಣ ಊರು. ಒಂದು ಕೆರೆ, ಒಂದು ಮಾರಮ್ಮನ ಗುಡಿ, ಒಂದು ಅರಳಿಕಟ್ಟೆ, ಒಂದು ಡೈರಿ, ನಮ್ಮ ಸ್ಕೂಲು. ಊರ ಪಕ್ಕದಲ್ಲೇ ನಾಲೆ. ಈ ನಾಲೆಯ ನೀರು ಕೃಷ್ಣರಾಜಸಾಗರದಿಂದ ಬರುತ್ತದೆ. ನಮ್ಮ ಕಡೆ ದೊಡ್ಡವರು ಅದನ್ನು ಕನ್ನಂಬಾಡಿ ಕಟ್ಟೆ ಅಂತಲೇ ಕರೆಯುತ್ತಾರೆ. ಅಣೆಕಟ್ಟೆ ಕಟ್ಟಿದಾಗ ಮುಳುಗಿಹೋದ ಊರಿನ ಹೆಸರು ಅದು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1911ರಲ್ಲಿ, ಅಣೆಕಟ್ಟೆಯ ಕೆಲಸ ಪ್ರಾರಂಭವಾಯಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದರು. ಕೆಲಸ ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ನಾಲೆಗೆ ಮೊದಲು ವೈಸರಾಯ್ ಆಗಿದ್ದ ಇರ್ವಿನ್ ಅವರ ಹೆಸರಿಟ್ಟಿದ್ದರು. ಆಮೇಲೆ ಅದು ವಿಶ್ವೇಶ್ವರಯ್ಯ ನಾಲೆ ಆಯಿತು. ವಿ.ಸಿ. ನಾಲೆ ಎಂದರೆ ಇದೇ. ನಾಲೆ ಬರುವುದಕ್ಕೆ ಮುಂಚೆ ನಮ್ಮ ಸೀಮೆ ಹೆಚ್ಚಾಗಿ ರಾಗಿ, ಹುರುಳಿ ಬೆಳೆಯುವ ಒಣಭೂಮಿಯಾಗಿತ್ತು. ನಾಲೆ ಬಂದ ಮೇಲೆ ಭತ್ತ, ಕಬ್ಬು ಬಂತು. ಕಬ್ಬು ಬಂದದ್ದರಿಂದ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅಂದರೆ ನಮ್ಮ ಜಿಲ್ಲೆ ಈಗಿರುವ ಹಾಗೆ ಆಗಿರುವುದಕ್ಕೆ ಈ ನೀರೇ ಕಾರಣ.

ನೀರು ಬರುವ ದಾರಿಯನ್ನು ಮರಕ್ಕೆ ಹೋಲಿಸಬಹುದು. ಮುಖ್ಯ ನಾಲೆ ಕಾಂಡ. ಅದು ಹುಲಿಕೆರೆ ಹತ್ತಿರ ಸುರಂಗದಲ್ಲಿ ಹಾದು ಬರುತ್ತದೆ. ಆಮೇಲೆ ಮದ್ದೂರು ಶಾಖಾ ನಾಲೆ, ಹೆಬ್ಬಕವಾಡಿ ನಾಲೆ, ತುರುಗನೂರು ನಾಲೆ ಎಂದು ಕೊಂಬೆಗಳಾಗಿ ಒಡೆಯುತ್ತದೆ. ಕೊಂಬೆಯಿಂದ ಉಪನಾಲೆ, ಅದರಿಂದ ತೂಬು, ತೂಬಿನಿಂದ ಹೊಲಗಾಲುವೆ, ಅಲ್ಲಿಂದ ಗದ್ದೆ. ನಮ್ಮ ಗದ್ದೆಗಳು ಮರದ ತುದಿ ಎಲೆ ಇದ್ದ ಹಾಗೆ. ಪೇಪರಿನಲ್ಲಿ ‘ಕೊನೆ ಭಾಗದ ರೈತರು’ ಎಂದು ಬರೆಯುತ್ತಾರಲ್ಲ, ಅದು ಮದ್ದೂರು, ಮಳವಳ್ಳಿ ತಾಲ್ಲೂಕಿನ ನಮ್ಮಂಥ ಊರಿನವರು.

2. ನಮ್ಮೂರಿನ ಒಂದು ದಿನ

ಬೆಳಗಿನ ಜಾವ ಐದೂವರೆಗೆ ಊರು ಎದ್ದಿರುತ್ತದೆ. ಅವ್ವ ಕೊಟ್ಟಿಗೆ ಸಗಣಿ ಬಾಚಿ, ಹಸುವಿಗೆ ಬೂಸ ಕಲಸಿ, ಹಾಲು ಕರೆಯುತ್ತಾರೆ. ಆರೂವರೆಗೆ ಡೈರಿ ಮುಂದೆ ಕ್ಯಾನು, ಚೊಂಬು ಹಿಡಿದವರ ಸಾಲು. ಹಾಲಿನ ವ್ಯಾನು ಗೆಜ್ಜಲಗೆರೆಯ ಮನ್‌ಮುಲ್‌ಗೆ ಹೊರಡುವಷ್ಟರಲ್ಲಿ ಎಲ್ಲರೂ ಹಾಲು ಹಾಕಬೇಕು.

ಏಳೂವರೆಗೆ ಬಸ್ಸು. ರಾತ್ರಿ ನಮ್ಮೂರಲ್ಲೇ ತಂಗುವ ಬಸ್ಸು ಬೆಳಗ್ಗೆ ಹೊರಡುತ್ತದೆ. ಅದರಲ್ಲಿ ಕಾಲೇಜಿಗೆ ಹೋಗುವ ಅಕ್ಕಂದಿರು, ಗಾರ್ಮೆಂಟ್ಸ್‌ಗೆ ಹೋಗುವವರು, ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗುವವರು ಇರುತ್ತಾರೆ. ನಾಲೆಯಲ್ಲಿ ನೀರಿದ್ದರೆ ಹೆಂಗಸರು ಸೋಪಾನದ ಮೇಲೆ ಬಟ್ಟೆ ಒಗೆಯುತ್ತಾರೆ, ಗಂಡಸರು ಎತ್ತು ತೊಳೆಯುತ್ತಾರೆ. ನೀರಿಲ್ಲದಿದ್ದರೆ ಅದೇ ನಾಲೆಯೊಳಗೆ ಮೇಕೆಗಳು ಮೇಯುತ್ತವೆ, ನಾವು ಕ್ರಿಕೆಟ್ ಆಡುತ್ತೇವೆ.

ಮಧ್ಯಾಹ್ನ ಊರು ಖಾಲಿ. ಎಲ್ಲರೂ ಗದ್ದೆ, ತೋಟ, ಆಲೆಮನೆ ಎಂದು ಹೋಗಿರುತ್ತಾರೆ. ಆಲೆಮನೆ ನಡೆಯುವ ದಿನ ಬೆಲ್ಲದ ವಾಸನೆ ನಮ್ಮ ಕ್ಲಾಸ್ ರೂಮಿನವರೆಗೂ ಬರುತ್ತದೆ. ಸಂಜೆ ಮತ್ತೆ ಹಾಲು, ಮತ್ತೆ ಡೈರಿ. ಆಮೇಲೆ ಮುದ್ದೆ, ಸೊಪ್ಪಿನ ಸಾರು. ರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ಬೋರ್‌ವೆಲ್ ಇರುವವರು ಟಾರ್ಚು ಹಿಡಿದು ಮೋಟರು ಹಾಕಲು ಹೋಗುತ್ತಾರೆ. ಇದು ದಿನಚರಿ. ಈ ದಿನಚರಿಯ ಎಲ್ಲಾ ಜಾಗದಲ್ಲೂ ಸುದ್ದಿ ಓಡಾಡುತ್ತಿರುತ್ತದೆ.

3. ಸುದ್ದಿ ಬರುವ ದಾರಿಗಳು

ನಾನು ವಾರವಿಡೀ ಕೇಳಿ ಬರೆದುಕೊಂಡ ಪ್ರಕಾರ ನಮ್ಮೂರಿಗೆ ಸುದ್ದಿ ಬರುವ ದಾರಿಗಳು ಇವು.

ಡೈರಿ: ಇಲ್ಲಿ ಬೆಳಗ್ಗೆ, ಸಂಜೆ ಎರಡು ಹೊತ್ತೂ ಊರಿನ ಅರ್ಧ ಮನೆಯವರು ಸೇರುತ್ತಾರೆ. ಡಿಗ್ರಿ ನೋಡುವಷ್ಟು ಹೊತ್ತು ನಿಲ್ಲಲೇಬೇಕು. ಯಾರ ಹಸು ಕರು ಹಾಕಿತು, ಯಾರಿಗೆ ಜ್ವರ, ಯಾವ ಮಗಳು ಬಾಣಂತನಕ್ಕೆ ಬಂದಳು, ಬಟವಾಡೆ ಯಾವತ್ತು, ಎಲ್ಲಾ ಇಲ್ಲೇ ಗೊತ್ತಾಗುತ್ತದೆ. ಹೆಂಗಸರ ಸುದ್ದಿಯೂ ಗಂಡಸರ ಸುದ್ದಿಯೂ ಒಟ್ಟಿಗೆ ಸಿಗುವ ಜಾಗ ನಮ್ಮೂರಲ್ಲಿ ಇದೊಂದೇ.

ಅರಳಿಕಟ್ಟೆ ಮತ್ತು ಟೀ ಅಂಗಡಿ: ಟೀ ಅಂಗಡಿಗೆ ಒಂದೇ ಪೇಪರ್ ಬರುತ್ತದೆ. ಒಬ್ಬರು ಜೋರಾಗಿ ಓದುತ್ತಾರೆ, ಹತ್ತು ಜನ ಕೇಳುತ್ತಾರೆ. ಓದಿದವರು ಒಂದು ಹೇಳಿದರೆ, ಕೇಳಿಸಿಕೊಂಡವರು ಮನೆಗೆ ಹೋಗಿ ಎರಡು ಹೇಳುತ್ತಾರೆ.

ಸಾರುವುದು: ಮೊದಲು ತಮಟೆ ಹೊಡೆದು ಊರೆಲ್ಲಾ ಸಾರುತ್ತಿದ್ದರಂತೆ. “ನಾಳೆ ಕೆರೆ ಕೆಲಸ ಐತೆ, ಮನೆಗೊಂದಾಳು ಬರ್ಬೇಕು” ಎಂದು ಸಾರಿದರೆ ಅದೇ ಕಾನೂನು ಎಂದು ನಮ್ಮ ತಾತ ಹೇಳುತ್ತಾರೆ. ಈಗ ಆಟೋಗೆ ಮೈಕು ಕಟ್ಟಿ ಕೂಗಿಸುತ್ತಾರೆ.

ಪಂಚಾಯ್ತಿ ಬೋರ್ಡು: ಗ್ರಾಮಸಭೆ, ಕಂದಾಯ, ಉದ್ಯೋಗ ಖಾತ್ರಿ ಕೆಲಸ ಮುಂತಾದ ನೋಟೀಸುಗಳನ್ನು ಇಲ್ಲಿ ಅಂಟಿಸುತ್ತಾರೆ. ಆದರೆ ಬೋರ್ಡು ಎತ್ತರದಲ್ಲಿದೆ, ಅಕ್ಷರ ಚಿಕ್ಕದು. ಓದು ಬಾರದವರಿಗೆ ಯಾರಾದರೂ ಹೇಳಬೇಕು.

ಮೊಬೈಲು: ಈಗ ಬಹಳ ಸುದ್ದಿ ವಾಟ್ಸಾಪಿನಲ್ಲಿ ಬರುತ್ತದೆ. ಇದು ಎಲ್ಲಕ್ಕಿಂತ ಬೇಗ. ಆದರೆ ಹೋದ ವರ್ಷದ ಸುದ್ದಿಯೂ ಇವತ್ತಿನದೇ ಎಂಬ ಹಾಗೆ ಮತ್ತೆ ಬರುತ್ತದೆ. ಅದರಲ್ಲಿ ಎಷ್ಟೋ ಸಲ ದಿನಾಂಕವೇ ಇರುವುದಿಲ್ಲ.

ಸೌಡಿ: ನಾಲೆಯ ತೂಬು ಎತ್ತುವವರು, ಇಳಿಸುವವರು ಇವರು. ಕೆರೆಗಾದರೆ ನೀರುಗಂಟಿ ಎನ್ನುತ್ತೇವೆ. ನೀರಿನ ವಿಷಯದಲ್ಲಿ ಇವರ ಮಾತೇ ಕೊನೆ ಮಾತು. ಸೌಡಿ ಸೈಕಲ್ಲಿನಲ್ಲಿ ಏರಿ ಮೇಲೆ ಬರುತ್ತಿದ್ದರೆ ದೂರದಿಂದಲೇ ಕೂಗಿ ಕೇಳುತ್ತಾರೆ, “ಅಣ್ಣೋ, ನೀರ್ ಬುಟ್ರಾ?”

4. ಪೇಪರಿನ ಚಿಕ್ಕ ಚೌಕ ಓದುವುದು ಹೇಗೆ?

ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಪೇಪರಿನಲ್ಲಿ ‘ಕೆಆರ್‌ಎಸ್ ನೀರಿನ ಮಟ್ಟ’ ಎಂದು ಚಿಕ್ಕ ಚೌಕದೊಳಗೆ ಹಾಕಿರುತ್ತಾರೆ. ಟೀ ಅಂಗಡಿಯಲ್ಲಿ ಮೊದಲು ಓದುವುದು ಅದನ್ನೇ. ಬಹಳ ಜನ ಅದರಲ್ಲಿ ಅಡಿ ಎಷ್ಟು ಎಂದು ಮಾತ್ರ ನೋಡಿ ಬಿಟ್ಟುಬಿಡುತ್ತಾರೆ. ನಾನು ವಿಜ್ಞಾನದ ಮೇಡಂ ಹತ್ತಿರ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಗರಿಷ್ಠ ಮಟ್ಟ 124.80 ಅಡಿ. ಅಷ್ಟು ತುಂಬಿದಾಗ ಅಣೆಕಟ್ಟೆಯಲ್ಲಿ 49.45 ಟಿಎಂಸಿ ನೀರು ಇರುತ್ತದೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳುವುದಾದರೆ ಒಂದು ಟಿಎಂಸಿಗೆ ಸುಮಾರು 2,831 ಕೋಟಿ ಲೀಟರ್.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮಟ್ಟ 100 ಅಡಿ ಇದೆ ಎಂದರೆ ‘ಪರವಾಗಿಲ್ಲ, ನೂರರಲ್ಲಿ ಎಂಬತ್ತು ಭಾಗ ನೀರಿದೆ’ ಎಂದು ಲೆಕ್ಕ ಹಾಕುತ್ತೇವೆ. ಅದು ಸರಿಯಲ್ಲ. ಅಣೆಕಟ್ಟೆಯ ಹಿಂದಿನ ಜಾಗ ನಮ್ಮ ಅವ್ವ ಹಿಟ್ಟು ಕಲಸುವ ಬೋಗುಣಿಯ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನ ಒಂದು ಅಡಿಯಲ್ಲಿ ಇರುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ಇರುವುದಿಲ್ಲ. ಆದ್ದರಿಂದ ಮಟ್ಟ 100 ಅಡಿಗೆ ಇಳಿದಾಗ ಉಳಿದಿರುವ ನೀರು ಅರ್ಧಕ್ಕಿಂತಲೂ ಕಡಿಮೆ.

ಒಳಹರಿವು, ಹೊರಹರಿವುಗಳನ್ನು ಕ್ಯೂಸೆಕ್‌ನಲ್ಲಿ ಬರೆಯುತ್ತಾರೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ಅದು ಸುಮಾರು 28 ಲೀಟರ್, ಅಂದರೆ ನಮ್ಮ ಮನೆಯ ಎರಡು ಕೊಡ. ಒಂದು ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಎರಡು ಎಕರೆ ಜಮೀನಿನಲ್ಲಿ ಸುಮಾರು ಒಂದು ಅಡಿ ನೀರು ನಿಲ್ಲುತ್ತದೆ. 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಉದಾಹರಣೆಗೆ, ಒಳಹರಿವು 15,000, ಹೊರಹರಿವು 3,400 ಎಂದು ಇದ್ದರೆ, ಕಳೆದಾಗ 11,600. ಆ ದಿನ ಕಟ್ಟೆಗೆ ಹೆಚ್ಚುಕಡಿಮೆ ಒಂದು ಟಿಎಂಸಿ ಸೇರಿತು ಎಂದು ತಿಳಿಯಬೇಕು. ಬೇಕಾದರೆ ನೀವೂ 86,400 ಸೆಕೆಂಡಿನಿಂದ ಗುಣಿಸಿ ನೋಡಿ.

ಇನ್ನೊಂದು ಬಹಳ ಮುಖ್ಯ. ಹೊರಹರಿವು ಎಂದರೆ ನಮ್ಮ ನಾಲೆಗೆ ಬಿಟ್ಟ ನೀರು ಎಂದು ಅರ್ಥವಲ್ಲ. ಹೊಳೆಗೆ ಬಿಟ್ಟಿದ್ದೂ ಅದರಲ್ಲಿ ಸೇರಿರುತ್ತದೆ. ಹೊಳೆಗೆ ಬಿಟ್ಟ ನೀರಿನಲ್ಲಿ ಬೆಂಗಳೂರಿಗೆ ಕುಡಿಯಲು ಹೋಗುವ ಪಾಲಿದೆ. ಅದನ್ನು ಶುದ್ಧ ಮಾಡಿ ಪಂಪ್ ಮಾಡುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲೇ. ಅಲ್ಲಿ ಕಾವೇರಿ ಐದನೇ ಹಂತದ ಉದ್ಘಾಟನೆ 2024ರ ಅಕ್ಟೋಬರ್ 16ರಂದು ನಡೆಯಿತು. ತಮಿಳುನಾಡಿಗೆ ಹೋಗಬೇಕಾದ ಪಾಲೂ ಹೊಳೆಯಲ್ಲೇ ಹೋಗುತ್ತದೆ. ಸಾಧಾರಣ ಮಳೆಯಾದ ವರ್ಷದಲ್ಲಿ ಕರ್ನಾಟಕ 177.25 ಟಿಎಂಸಿ ಬಿಡಬೇಕೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು ತೀರ್ಪು ಕೊಟ್ಟಿತು. ಹೀಗೆ ಒಂದೇ ಕಟ್ಟೆಯ ನೀರಿಗೆ ಕಾಯುವವರು ಬಹಳ ಜನ ಇದ್ದಾರೆ. ಅವರೂ ನಮ್ಮ ಹಾಗೆಯೇ ಬೆಳೆ ಇಡುವವರು, ಕೊಡ ಹಿಡಿಯುವವರು.

5. ‘ಕಟ್ಟು’ ಎಂದರೇನು?

ನೀರು ಕಡಿಮೆ ಇದ್ದಾಗ ನಾಲೆಗೆ ಎಡೆಬಿಡದೆ ನೀರು ಹರಿಸುವುದಿಲ್ಲ. ಕೆಲವು ದಿನ ಹರಿಸಿ, ಕೆಲವು ದಿನ ನಿಲ್ಲಿಸುತ್ತಾರೆ. ಇದಕ್ಕೆ ಕಟ್ಟು ಪದ್ಧತಿ ಎನ್ನುತ್ತಾರೆ. ಎಷ್ಟು ಕಟ್ಟು ಕೊಡಬೇಕು, ಯಾವ ಬೆಳೆಗೆ ಕೊಡಬೇಕು ಎಂಬುದನ್ನು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನ ಮಾಡುತ್ತಾರೆ. ಆಮೇಲೆ ಪ್ರಕಟಣೆ ಬರುತ್ತದೆ.

ಕಟ್ಟಿನಲ್ಲಿ ಕೊನೆ ಭಾಗದವರಿಗೆ ಏನು ಕಷ್ಟ ಎಂದರೆ, ನೀರು ಬಿಟ್ಟ ದಿನವೇ ನಮ್ಮೂರಿಗೆ ನೀರು ಬರುವುದಿಲ್ಲ. ಮೇಲಿನ ತೂಬುಗಳೆಲ್ಲಾ ಕುಡಿದು, ನಾಲೆಯ ಹೂಳು, ಜೊಂಡು ದಾಟಿ ಬರಬೇಕು. ನಮ್ಮೂರಿನವರ ಲೆಕ್ಕದಲ್ಲಿ ನಾಲ್ಕೈದು ದಿನ ಬೇಕು. ಅಷ್ಟರಲ್ಲಿ ಕಟ್ಟಿನ ದಿನಗಳು ಅರ್ಧ ಮುಗಿದಿರುತ್ತವೆ. ಕೆಲವು ಸಲ ನೀರು ನಮ್ಮೂರಿನ ಗಡಿ ಮುಟ್ಟುವುದಕ್ಕೂ ಮೇಲೆ ತೂಬು ಇಳಿಸುವುದಕ್ಕೂ ಸರಿಹೋಗುತ್ತದೆ. ಆಗ ರಾತ್ರಿಯೆಲ್ಲಾ ಗುದ್ದಲಿ ಹಿಡಿದು ಏರಿ ಮೇಲೆ ಕಾಯುತ್ತಾರೆ. ಜಗಳವೂ ಆಗುತ್ತದೆ. ಅಣ್ಣತಮ್ಮಂದಿರೇ ಒಂದು ಮಡೆ ನೀರಿಗೆ ಮಾತು ಬಿಟ್ಟಿರುವುದನ್ನು ನಾನು ನೋಡಿದ್ದೇನೆ.

ಅದಕ್ಕೇ ನಮ್ಮೂರಿಗೆ ‘ನೀರು ಬಿಟ್ಟರು’ ಎಂಬ ಸುದ್ದಿ ಸಾಲದು. ಎಲ್ಲಿ ಬಿಟ್ಟರು, ಯಾವ ದಿನ ಬಿಟ್ಟರು, ಎಷ್ಟು ದಿನಕ್ಕೆ, ಯಾವ ಬೆಳೆಗೆ ಎಂಬುದೂ ಬೇಕು.

6. ಗಾಳಿಸುದ್ದಿಯಿಂದ ಆದ ನಷ್ಟ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಆ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ದಿನವೂ ಧರಣಿ ನಡೆಯಿತು. 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ಆಯಿತು.

ಅದಾದ ಮೇಲೆ, 2024ರ ಜನವರಿಯಲ್ಲಿ, ನಮ್ಮೂರಿನಲ್ಲಿ ಒಂದು ಮಾತು ಹರಡಿತು. ಹೊರಹರಿವು ಜಾಸ್ತಿಯಾಗಿದೆ ಎಂದು ಯಾರೋ ಎಲ್ಲೋ ಓದಿ, “ನೀರ್ ಬುಟ್ಟವ್ರಂತೆ ಕನಣ್ಣ, ಬ್ಯಾಸ್ಗೆ ಬೆಳೆಗೂ ಒಂದ್ ಕಟ್ಟು ಕೊಡ್ತಾರಂತೆ” ಎಂದರು. ಯಾರು ಹೇಳಿದರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ತೋರಿಸುತ್ತಿದ್ದರು. ಸಾಯಂಕಾಲ ಡೈರಿಯಲ್ಲಿ ‘ಅಂತೆ’ ಹೋಗಿ ‘ಕೊಡ್ತಾರೆ’ ಆಯಿತು. ಮಾರನೇ ದಿನ ಮೊಬೈಲಿನಲ್ಲೂ ಬಂತು.

ನಮ್ಮ ಬೀದಿಯ ಒಬ್ಬ ಅಜ್ಜಿ ಆ ಮಾತನ್ನು ನಂಬಿ ಒಂದು ಎಕರೆಗೆ ಎಂದು 25 ಕೆಜಿ ಬಿತ್ತನೆ ಭತ್ತ ತಂದು ಒಟ್ಲು ಹಾಕಿಸಿದರು. ಒಟ್ಲು ಎಂದರೆ ಪೈರು ಬೆಳೆಸುವ ಪಾತಿ. ಒಟ್ಲಿನ ಪೈರನ್ನು ಮೂರು ಮೂರೂವರೆ ವಾರದೊಳಗೆ ಕಿತ್ತು ನಾಟಿ ಮಾಡಬೇಕು. ತಡವಾದರೆ ಪೈರು ಬಲಿತುಹೋಗುತ್ತದೆ, ನಾಟಿ ಮಾಡಿದರೂ ತೆಂಡೆ ಒಡೆಯುವುದಿಲ್ಲ. ಅಜ್ಜಿ ಪಕ್ಕದವರ ಬೋರ್‌ವೆಲ್ಲಿನಿಂದ ಕೊಡದಲ್ಲಿ ನೀರು ಹೊತ್ತು ಒಟ್ಲಿಗೆ ಹಾಕಿದರು. ಸೊಸೆಯೂ ಹೊತ್ತರು. ಸ್ಕೂಲು ಬಿಟ್ಟ ಮೇಲೆ ನಾವು ಮಕ್ಕಳೂ ನಾಲ್ಕು ದಿನ ಹೊತ್ತೆವು. ಆಮೇಲೆ ಬೋರ್‌ವೆಲ್ಲಿನಲ್ಲೂ ನೀರು ಕಡಿಮೆಯಾಗಿ, ಅವರು ತಮ್ಮ ಹಸುಗಳಿಗೆ ಬೇಕು ಎಂದರು. ಅದು ಅವರ ತಪ್ಪಲ್ಲ. ಆ ಬೇಸಿಗೆಯಲ್ಲಿ ನಮ್ಮ ಗದ್ದೆಗಳಿಗೆ ನಾಲೆ ನೀರು ಬರಲಿಲ್ಲ. ಒಟ್ಲು ಹಳದಿಯಾಗಿ, ಒಣಗಿ, ಕೊನೆಗೆ ಹಸು ಮೇಯಿಸಿದರು. ಬೀಜ, ಗೊಬ್ಬರ, ಉಳುಮೆಯ ಟ್ರ್ಯಾಕ್ಟರ್ ಬಾಡಿಗೆ ಎಲ್ಲಾ ಸಂಘದ ಸಾಲದ ದುಡ್ಡು. ಅಜ್ಜಿ ಯಾರನ್ನೂ ಬೈಯಲಿಲ್ಲ. “ಯಾರ್ನ ಬೈಯಾನ ಮೊಗ, ಏಳ್ದೋರ್ ಯಾರು ಅಂತ್ಲೇ ಗೊತ್ತಿಲ್ವಲ್ಲ” ಎಂದರು.

ಅದೇ ಬೀದಿಯ ಇನ್ನೊಬ್ಬರು ಸೌಡಿಯನ್ನು ಹುಡುಕಿಕೊಂಡು ಹೋಗಿ ಕೇಳಿದ್ದರು. “ನಮಗೆ ಆರ್ಡರ್ ಬಂದಿಲ್ಲ ಕಣಪ್ಪ” ಎಂದು ಸೌಡಿ ಹೇಳಿದರು. ಅವರು ಒಟ್ಲು ಹಾಕದೆ ಇದ್ದ ದುಡ್ಡನ್ನು ಹಾಗೇ ಮಡಗಿಕೊಂಡು, ಆಮೇಲೆ ಮುಂಗಾರು ಮಳೆ ಬಿದ್ದಾಗ ಆ ದುಡ್ಡಿನಲ್ಲೇ ರಾಗಿ ಹಾಕಿದರು. 2024ರ ಜುಲೈನಲ್ಲಿ ಕನ್ನಂಬಾಡಿ ಕಟ್ಟೆ ತುಂಬಿತು. 2025ರಲ್ಲಂತೂ ಜೂನ್ ತಿಂಗಳಲ್ಲೇ ತುಂಬಿತು. ಕಟ್ಟೆಯ ಚರಿತ್ರೆಯಲ್ಲೇ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಮುಖ್ಯಮಂತ್ರಿಗಳು ಬಂದು ಬಾಗಿನ ಬಿಟ್ಟರು. ಊರಿನವರೆಲ್ಲಾ ಸಂತೋಷಪಟ್ಟರು. ಆದರೆ ಅಜ್ಜಿಯ ಸಾಲ ಇನ್ನೂ ತೀರಿಲ್ಲ.

ಇಬ್ಬರಿಗೂ ಇದ್ದ ಜಮೀನು ಹೆಚ್ಚುಕಡಿಮೆ ಒಂದೇ. ಇಬ್ಬರೂ ಕಷ್ಟಪಡುವವರೇ. ವ್ಯತ್ಯಾಸ ಬಂದದ್ದು ಸುದ್ದಿಯಲ್ಲಿ ಮಾತ್ರ. ಒಬ್ಬರಿಗೆ ಸುದ್ದಿ ಗಾಳಿಯಲ್ಲಿ ಬಂತು, ಇನ್ನೊಬ್ಬರು ಸುದ್ದಿಯ ಬುಡಕ್ಕೆ ಹೋದರು. ಅಜ್ಜಿಗೆ ಮಂಡಿ ನೋವು, ಸೌಡಿಯನ್ನು ಹುಡುಕಿ ಮೂರು ಮೈಲಿ ನಡೆಯಲು ಆಗುತ್ತಿರಲಿಲ್ಲ. ಪೇಪರ್ ಓದಲೂ ಬರುವುದಿಲ್ಲ. ಆದ್ದರಿಂದ ‘ನೀವೇ ಏಕೆ ವಿಚಾರಿಸಲಿಲ್ಲ’ ಎಂದು ಅಂಥವರನ್ನು ಕೇಳುವುದು ಸರಿಯಲ್ಲ. ಓದು ಬರುವ ನಾವು, ಕಾಲು ಗಟ್ಟಿ ಇರುವ ನಾವು, ಅವರ ಪರವಾಗಿ ವಿಚಾರಿಸಬೇಕು ಎಂಬುದೇ ನನ್ನ ಅಭಿಪ್ರಾಯ.

7. ನೀರು ಬಂದ ಮೇಲೆ ಕೊಡಬೇಕಾದ ಸುದ್ದಿ

ನೀರು ಬಾರದಿದ್ದರೆ ಮಾತ್ರ ಸುದ್ದಿ ಬೇಕು ಎಂದಲ್ಲ. ನೀರು ಬಂದಾಗಲೂ ಬೇಕು. ನೀರಿಲ್ಲದಾಗ ನಾವು ಆಟ ಆಡುವ ನಾಲೆಗೆ ಒಂದು ರಾತ್ರಿಯಲ್ಲಿ ನೀರು ಬಂದುಬಿಡುತ್ತದೆ. ನಾಲೆಯ ಪಕ್ಕಕ್ಕೆ ಈಗ ಸಿಮೆಂಟ್ ಹಾಕಿರುವ ಕಡೆ ಗೋಡೆ ನುಣುಪು. ಪಾಚಿ ಕಟ್ಟಿದರೆ ಇನ್ನೂ ನುಣುಪು. ಬಿದ್ದವರಿಗೆ ಹಿಡಿದುಕೊಳ್ಳಲು ಹುಲ್ಲು, ಬೇರು ಏನೂ ಸಿಗುವುದಿಲ್ಲ. ಈಜು ಬರುವವರಿಗೂ ಮೇಲೆ ಹತ್ತುವುದು ಕಷ್ಟ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ನಮ್ಮ ಹಾಗೆ ಸ್ಕೂಲಿನಿಂದ ಮನೆಗೆ ಹೋಗುತ್ತಿದ್ದ ಮಕ್ಕಳೂ ಇದ್ದರು. ಇದನ್ನು ನಮ್ಮ ಜಿಲ್ಲೆಯವರು ಯಾರೂ ಮರೆಯಬಾರದು. ನಮ್ಮೂರಿನ ತಿರುವಿನಲ್ಲೂ ನಾಲೆಯ ಪಕ್ಕದಲ್ಲೇ ರಸ್ತೆ ಇದೆ, ತಡೆಗೋಡೆ ಇಲ್ಲ. ಹೋದ ಸಲದ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಸ್ಕೂಲಿನ ಮಕ್ಕಳು ಎದ್ದು ನಿಂತು ಅಲ್ಲಿ ತಡೆಗೋಡೆ ಬೇಕು ಎಂದು ಕೇಳಿದೆವು. ನಮ್ಮ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡರು. ಗೋಡೆ ಇನ್ನೂ ಬಂದಿಲ್ಲ. ಈ ಸಲವೂ ಕೇಳುತ್ತೇವೆ. ಬರೆದುಕೊಂಡ ಪುಟವನ್ನು ತೋರಿಸಿ ಎಂದೂ ಕೇಳುತ್ತೇವೆ.

8. ನಾವು ಮಕ್ಕಳು ಏನು ಮಾಡಬಹುದು?

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರ ಗಾದೆ ಇದೆ. ಕಣ್ಣಲ್ಲಿ ಕಂಡದ್ದನ್ನೇ ಪರೀಕ್ಷೆ ಮಾಡು ಎನ್ನುವಾಗ ಕಿವಿಯಲ್ಲಿ ಕೇಳಿದ್ದನ್ನು ಮಾಡದೆ ಇರಬಹುದೇ? ಯಾವ ಸುದ್ದಿ ಬಂದರೂ ಈ ಮೂರು ಪ್ರಶ್ನೆ ಕೇಳಬೇಕು.

ಒಂದು, ಇದನ್ನು ಮೊದಲು ಹೇಳಿದವರು ಯಾರು? ‘ಅಂತೆ’ ಎಂದರೆ ಯಾರೂ ಹೇಳಿಲ್ಲ ಎಂದೇ ಲೆಕ್ಕ.

ಎರಡು, ಯಾವ ದಿನದ ಸುದ್ದಿ? ದಿನಾಂಕ ಇಲ್ಲದ ಸುದ್ದಿ ಬೀಜ ಇಲ್ಲದ ಪಾತಿ ಇದ್ದ ಹಾಗೆ.

ಮೂರು, ನಮ್ಮೂರಿಗೆ ಅನ್ವಯಿಸುತ್ತದೆಯೇ? ಕಟ್ಟೆಯಲ್ಲಿ ನೀರು ಬಿಟ್ಟರೆ ನಮ್ಮ ತೂಬಿಗೆ ಬಂತು ಎಂದಲ್ಲ.

ಮೇಷ್ಟ್ರ ಒಪ್ಪಿಗೆ ಪಡೆದು ನಾವು ಏಳನೇ ಕ್ಲಾಸಿನವರು ಒಂದು ಕೆಲಸ ಶುರು ಮಾಡಿದ್ದೇವೆ. ಈ ಗೋಡೆ ಪತ್ರಿಕೆಯ ಬಲಗಡೆ ಕೆಳಗೆ ‘ನೀರಿನ ಸುದ್ದಿ’ ಎಂಬ ಚೌಕ ಹಾಕಿದ್ದೇವೆ. ಪ್ರತಿ ಸೋಮವಾರ ಮತ್ತು ಗುರುವಾರ ಪೇಪರಿನಿಂದ ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವನ್ನು ಅದರಲ್ಲಿ ಬರೆಯುತ್ತೇವೆ. ಅದರ ಕೆಳಗೆ ‘ಸೌಡಿಯವರನ್ನು ಕೇಳಿದ ದಿನ’, ‘ಅವರು ಹೇಳಿದ್ದು’ ಎಂದು ಎರಡು ಸಾಲು ಇವೆ. ಏರಿ ಮೇಲಿಂದ ಸ್ಕೂಲಿಗೆ ಬರುವ ಇಬ್ಬರು ದಾರಿಯಲ್ಲಿ ಅವರನ್ನು ಕೇಳಿಕೊಂಡು ಬರುತ್ತಾರೆ. ಸಂಜೆ ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿನ ಕರಿಹಲಗೆಯಲ್ಲೂ ಅದನ್ನೇ ಬರೆಯಲು ಡೈರಿ ಸೆಕ್ರೆಟರಿ ಒಪ್ಪಿದ್ದಾರೆ. ಅಕ್ಷರ ದೊಡ್ಡದಾಗಿ ಬರೆಯಬೇಕು, ಓದು ಬಾರದವರು ಇದ್ದರೆ ಓದಿ ಹೇಳಬೇಕು ಎಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಸುದ್ದಿ ಇಲ್ಲದ ದಿನ ‘ಇವತ್ತು ಹೊಸ ಸುದ್ದಿ ಇಲ್ಲ’ ಎಂದೇ ಬರೆಯುತ್ತೇವೆ. ಅದೂ ಸುದ್ದಿಯೇ. ಸುದ್ದಿ ಇಲ್ಲ ಎಂದು ಗೊತ್ತಾದರೆ ಯಾರೂ ಸುಮ್ಮನೆ ಬೀಜ ನೆನೆಹಾಕುವುದಿಲ್ಲ.

ನಾಲೆಗೆ ನೀರು ಬಂದ ದಿನ ಅದೇ ಚೌಕದಲ್ಲಿ ಕೆಂಪು ಇಂಕಿನಲ್ಲಿ ‘ನೀರು ಬಂದಿದೆ, ಚಿಕ್ಕ ಮಕ್ಕಳು ನಾಲೆಗೆ ಇಳಿಯಬಾರದು’ ಎಂದು ಬರೆಯುತ್ತೇವೆ. ಒಂದನೇ, ಎರಡನೇ ಕ್ಲಾಸಿನ ಪುಟಾಣಿಗಳಿಗೆ ಬಾಯಲ್ಲಿ ಹೇಳುತ್ತೇವೆ.

ಓದುಗ ಸ್ನೇಹಿತರೇ, ಈ ಲೇಖನ ಓದಿ ಮುಗಿಸಿದ ಮೇಲೆ ಒಂದು ಸಲ ಆ ಚೌಕ ನೋಡಿಕೊಂಡು ಹೋಗಿ. ಅಲ್ಲಿ ಬರೆದಿರುವುದನ್ನು ಮನೆಯಲ್ಲಿ ಹೇಳಿ. ಪಕ್ಕದ ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೂ ಹೇಳಿ. ಹೇಳುವಾಗ ‘ಅಂತೆ’ ಸೇರಿಸಬೇಡಿ. ಯಾರು ಹೇಳಿದರು, ಯಾವತ್ತು ಹೇಳಿದರು ಎಂಬುದನ್ನು ಸೇರಿಸಿ. ಲೆಕ್ಕದಲ್ಲಿ ಏನಾದರೂ ತಿದ್ದುವುದಿದ್ದರೆ ಪೆನ್ಸಿಲಿನಲ್ಲಿ ಪಕ್ಕದಲ್ಲಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– 7ನೇ ತರಗತಿ, ಕನ್ನಡ ಮಾಧ್ಯಮ